ಕೆಂಪು ಫ್ಯೂಸು, ಹಸಿರು ಫ್ಯೂಸು

ಮನೆಯ ಮೀಟರಿನ ಪಕ್ಕದಲ್ಲಿರುತ್ತಿದ್ದ ಪಿಂಗಾಣಿ ಫ್ಯೂಸು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ನೆಂಟರು ಊಟಕ್ಕೆ ಕೂತಾಗಲೋ, ಮಕ್ಕಳ ಪರೀಕ್ಷೆಯ ಹಿಂದಿನ ರಾತ್ರಿಯೋ ಅದು ತಪ್ಪದೆ ಹೋಗುತ್ತಿತ್ತು. ಮನೆಯ ಗಂಡಸರು ಸ್ಟೂಲು ಹತ್ತಿ, ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿ, "ಇನ್ನು ಈ ಜನ್ಮದಲ್ಲಿ ಹೋಗೋದಿಲ್ಲ" ಎಂದು ಇಳಿಯುತ್ತಿದ್ದರು. ಫ್ಯೂಸೇನೋ ಹೋಗುತ್ತಿರಲಿಲ್ಲ. ಅದರ ಬದಲು ಒಂದು ದಿನ ಗೋಡೆಯ ಮೇಲಿನ ವೈರೇ ಕರಕಲಾಗುತ್ತಿತ್ತು. ಇದೇ ಜಾಣತನ ಕಾರಿನ ಮಟ್ಟಿಗೂ ನಡೆಯುತ್ತದೆಂದು ನನಗೆ ತಿಳಿದದ್ದು ಈಚೆಗೆ.

ಹುಳಿಯಾರಿನಲ್ಲಿ ನಮಗೊಂದು ಸಣ್ಣ ತೆಂಗಿನ ತೋಟ, ಒಂದು ಹಳೆಯ ಕಾರು. ನಮ್ಮ ಮನೆಯವರ ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೀರಿಂಗು ನನ್ನ ಕೈಗೆ ಬಂತು. ತಿಪಟೂರಿನಲ್ಲಿ ನಮ್ಮಮ್ಮ ಒಬ್ಬರೇ ಇದ್ದಾರೆ, 80 ದಾಟಿದ ಜೀವ. ವಾರಕ್ಕೆ ಎರಡು ದಿನ ಹೋಗಿ, ಅಡಿಗೆ ಮಾಡಿಟ್ಟು, ಮಾತ್ರೆ ವಿಂಗಡಿಸಿಟ್ಟು ಹೊರಡುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನಮ್ಮ ಕಡೆಯ ರಸ್ತೆಗಳು ಆ ಹೊತ್ತಿಗೆ ಹೇಗಿರುತ್ತವೆಂದು ನಿಮಗೆ ಗೊತ್ತಲ್ಲ! ಕಾಯಿ ತುಂಬಿದ ಲಾರಿ, ಗುಡ್ಡದಂತೆ ಸಿಪ್ಪೆ ಹೇರಿಕೊಂಡ ಟ್ರ್ಯಾಕ್ಟರು, ಕೊಬ್ಬರಿ ಮಾರಿ ಊರಿಗೆ ಓಡುವ ಆಟೋ.

ಒಂದು ಸಂಜೆ ಹಿಂದಿದ್ದ ಲಾರಿಯವನು ಹಾರನ್ ಹೊಡೆದು ಹೊಡೆದು, ಪಕ್ಕಕ್ಕೆ ಬಂದು, "ಅಮ್ಮಾ, ಹಿಂದೆ ಲೈಟೇ ಇಲ್ಲ!" ಎಂದು ಕೂಗಿದ. ಎದೆ ಧಸಕ್ಕೆಂದಿತು. ಹೆಡ್‌ಲೈಟಿನ ಫ್ಯೂಸು ಬೇರೆ. ನನಗೆ ದಾರಿ ಚೆನ್ನಾಗಿಯೇ ಕಾಣುತ್ತಿತ್ತು. ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟಿನ ದೀಪ, ಮುಂದಿನ ಸಣ್ಣ ದೀಪ ಇವಕ್ಕೆಲ್ಲ ಸೇರಿ ಒಂದೇ ಫ್ಯೂಸು. ಅದು ಸುಟ್ಟಿತ್ತು.

ಹೊಸದು ಹಾಕಿಸಿದೆವು. ಗ್ಯಾರೇಜಿನಲ್ಲಿ ದೀಪಗಳು ಮದುವೆ ಮನೆಯಂತೆ ಬೆಳಗಿದವು. ರಸ್ತೆಗೆ ಬಂದರೆ ಮತ್ತೆ ಕತ್ತಲೆ. ಒಂದೇ ವಾರದಲ್ಲಿ ಮೂರು ಫ್ಯೂಸು ಹೋದವು. ಆಗ ನಮ್ಮ ಮನೆಯವರ ಸ್ನೇಹಿತರೊಬ್ಬರು ಜೇಬಿನಿಂದ ಹಸಿರು ಬಣ್ಣದ ಫ್ಯೂಸೊಂದನ್ನು ತೆಗೆದರು. "10 ಆಂಪಿಯರಿನ ಕೆಂಪು ಯಾಕೆ? ಇದು 30ರದು, ಹಾಕಿ ನೋಡಿ." ನಮ್ಮ ಮನೆಯವರೂ ತಲೆಯಾಡಿಸಿದರು. ನನಗೆ ಪಿಂಗಾಣಿ ಫ್ಯೂಸಿನ ದಪ್ಪ ತಂತಿ ನೆನಪಾಯಿತು. ಬೇಡವೆಂದೆ. ಅವತ್ತು ಮನೆಯಲ್ಲಿ ಸ್ವಲ್ಪ ಮಾತಿಗೆ ಮಾತೂ ಆಯಿತೆನ್ನಿ.

ಐ.ಟಿ.ಐ. ಓದಿದ ನನ್ನ ತಂಗಿಯ ಮಗಳು ಭಾನುವಾರ ಬಂದಳು. ಬಂದವಳೇ ಲೆಕ್ಕ ಹಾಕಿದಳು. "ದೊಡ್ಡಮ್ಮಾ, 5 ವ್ಯಾಟಿನ ಐದು ಬಲ್ಬು, ಒಟ್ಟು 25 ವ್ಯಾಟು. ಬ್ಯಾಟರಿ 12 ವೋಲ್ಟು. 2 ಆಂಪಿಯರಿಗೆ ಚೂರು ಮೇಲೆ ಸಾಕು. 10ರ ಫ್ಯೂಸು ಧಾರಾಳ. ಆದರೂ ಸುಡುತ್ತಿದೆ ಅಂದರೆ ಕರೆಂಟು ಬಲ್ಬಿಗೆ ಹೋಗದೆ ಅಡ್ಡದಾರಿ ಹಿಡಿದಿದೆ."

ಕಾರಿನ ತಗಡಿನ ಮೈಯೇ ಬ್ಯಾಟರಿಗೆ ಹಿಂತಿರುಗುವ ತಂತಿಯಂತೆ. ಎಲ್ಲೋ ವೈರಿನ ಸಿಪ್ಪೆ ಸುಲಿದು ತಾಮ್ರ ತಗಡಿಗೆ ತಾಗಿದರೆ, ಕರೆಂಟಿಗೆ ತಡೆಯೇ ಇಲ್ಲ, ನುಗ್ಗುತ್ತದೆ. ಸಣ್ಣ ಫ್ಯೂಸು ತಾನು ಕರಗಿ ಅದನ್ನು ನಿಲ್ಲಿಸುತ್ತದೆ. 30ರದು ಹಾಕಿದ್ದರೆ, 25 ಆಂಪಿಯರ್ ಹರಿದರೂ ಅದು ಸುಮ್ಮನಿರುತ್ತಿತ್ತು. ಆ ತೆಳು ವೈರು ಕಾದು, ಜೊತೆಯ ವೈರುಗಳನ್ನೂ ಕರಗಿಸಿ ಬೆಂಕಿಯಾಗುತ್ತಿತ್ತು. ಡಿಕ್ಕಿಯಲ್ಲಿ ಗೋಣಿಚೀಲ, ತೆಂಗಿನ ನಾರು. ನೆನೆದರೆ ಮೈ ನಡುಗುತ್ತದೆ.

ಅವಳು ಮಾಡಿದ ಪರೀಕ್ಷೆ ಹಪ್ಪಳ ಸುಡುವಷ್ಟು ಸುಲಭ. 21 ವ್ಯಾಟಿನ ಬ್ರೇಕ್ ಬಲ್ಬೊಂದಕ್ಕೆ ಎರಡು ವೈರು ಕಟ್ಟಿ, ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿದಳು. ಆ ಐದೂ ಬಲ್ಬುಗಳನ್ನು ಬಿಚ್ಚಿಟ್ಟು ಸ್ವಿಚ್ ಹಾಕಿದಳು. ಈಗ ಕರೆಂಟಿಗೆ ಹೋಗಲು ದಾರಿಯೇ ಇರಬಾರದು. ಪರೀಕ್ಷೆಯ ಬಲ್ಬು ಉರಿದರೆ ಕಳ್ಳದಾರಿ ಇದೆಯೆಂದೇ ಅರ್ಥ. ಎಷ್ಟು ಉರಿದರೂ ಆ ಬಲ್ಬಿನ ಮೂಲಕ 2 ಆಂಪಿಯರೂ ಹರಿಯುವುದಿಲ್ಲವಾದ್ದರಿಂದ ಫ್ಯೂಸುಗಳ ದಂಡವೂ ಇಲ್ಲ.

ಬಲ್ಬು ಉರಿಯಲಿಲ್ಲ. ಮುಂದಿನ ವೈರು ಅಲ್ಲಾಡಿಸಿದಳು, ಹಿಂದಿನದನ್ನು ಎಳೆದು ನೋಡಿದಳು. ಊಹೂಂ. "ಸರಿ, ಮುಚ್ಚಿ" ಎಂದಳು. ನಾನು ಡಿಕ್ಕಿಯ ಬಾಗಿಲು ಹಾಕಿದೆ. ಬಲ್ಬು ಝಗ್ಗನೆ ಹೊತ್ತಿಕೊಂಡಿತು! ತೆರೆದರೆ ಆರಿತು, ಮುಚ್ಚಿದರೆ ಹೊತ್ತಿತು. ಗ್ಯಾರೇಜಿನಲ್ಲಿ ಡಿಕ್ಕಿ ತೆರೆದಿಟ್ಟುಕೊಂಡು ನೋಡಿದವರಿಗೆ ರೋಗ ಕಾಣುವುದಾದರೂ ಹೇಗೆ?

ನಂಬರ್ ಪ್ಲೇಟಿನ ದೀಪದ ವೈರು ಕೀಲಿನ ಹತ್ತಿರ ತಗಡಿನ ತೂತಿನಲ್ಲಿ ಹಾದುಹೋಗುತ್ತದೆ. ತೂತಿನ ಅಂಚಿಗಿದ್ದ ರಬ್ಬರು ಬಳೆ, ಕಾಯಿಚೀಲಗಳ ಎಳೆದಾಟದಲ್ಲಿ ಕಿತ್ತುಹೋಗಿತ್ತು. ಅಂಚು ಬಾಚಿಯಂತೆ ವೈರನ್ನು ಸವೆಸಿತ್ತು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸವೆದ ತುಂಡು ಕತ್ತರಿಸಿ ಹೊಸ ವೈರು ಬೆಸುಗೆ ಹಾಕಿದಳು. ಮೇಲೆ ಕೊಳವೆ ತೊಡಿಸಿ, ಹೊಸ ರಬ್ಬರು ಕೂರಿಸಿದಳು. ಕೊನೆಗೆ ಅದೇ 10ರ ಕೆಂಪು ಫ್ಯೂಸು. ಇವತ್ತಿನವರೆಗೂ ಹೋಗಿಲ್ಲ.

ಪದೇ ಪದೇ ಗೊಣಗುವವರ ಬಾಯಿ ಮುಚ್ಚಿಸುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಏಕೆ ಗೊಣಗುತ್ತಾರೆಂದು ಹುಡುಕಲು ಒಂದು ಭಾನುವಾರವಾದರೂ ಬೇಕು.

ಆ ವೈರು ಕಟ್ಟಿದ ಬಲ್ಬನ್ನು ಕಾರಿನಲ್ಲೇ ಇಟ್ಟುಕೊಂಡಿದ್ದೆ. ಹೋದ ತಿಂಗಳು ಎದುರುಮನೆಯಾಕೆ ತಮ್ಮ ಸ್ಕೂಟರಿನ ದೀಪಕ್ಕೆಂದು ಕೇಳಿಕೊಂಡು ಹೋದರು. ಅಲ್ಲಿಂದ ಅದು ಅವರ ತವರಿಗೆ ಹೋಗಿದೆಯಂತೆ. ಇನ್ನೂ ವಾಪಸು ಬಂದಿಲ್ಲ.