ಅಜ್ಜಿಯನ್ನು ಕಾಗೋಡಿಗೆ ಕಳಿಸುವ ಆಸೆ

ನನ್ನ ಅಜ್ಜಿ ಕಾಗೋಡು ಸತ್ಯಾಗ್ರಹಕ್ಕೆ ಹೋಗಿದ್ದಳು ಎಂದು ಹೇಳಿಕೊಳ್ಳುವ ಆಸೆ ನನಗೆ ಬಹಳ. ಹೋಗಿದ್ದಳೋ ಇಲ್ಲವೋ, ಹೇಳಬಲ್ಲವರು ಯಾರೂ ಈಗಿಲ್ಲ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು, ಜಮೀನಿನ ಒಡೆಯರು ಗೇಣಿ ಅಳೆಯುತ್ತಿದ್ದ ಕೊಳಗಕ್ಕೆ ರೋಸಿಹೋಗಿ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ತಂಡ ತಂಡವಾಗಿ ಗದ್ದೆಗಿಳಿದು ಉಳುವುದು, ಪೊಲೀಸರ ಜೀಪು ಹತ್ತುವುದು. ಹಾಗೆ ಹತ್ತಿದವರ ಹೆಸರು ಕಾಗದಕ್ಕೂ ಹತ್ತಿತು. ಮನೆಯಲ್ಲಿ ಗಂಜಿ ಕಾಯಿಸಿದವರಿಗೆ ಯಾವ ರಿಜಿಸ್ಟರೂ ಇರಲಿಲ್ಲ.

ನನ್ನ ಬಳಿ ಇರುವ ದಾಖಲೆ ಎರಡೇ. 1974ರ ಭೂಸುಧಾರಣೆಯ ನಂತರ, ಗೇಣಿಗೆ ಉಳುತ್ತಿದ್ದ ಗದ್ದೆ ತನ್ನ ಹೆಸರಿಗಾಗಲೆಂದು ಅಜ್ಜ ಕೊಟ್ಟ ಫಾರಂ ನಂಬರ್ 7ರ ನಕಲು. ಅವನು ತೀರಿಕೊಂಡ ಮೇಲೆ ಪೌತಿ ಖಾತೆಗೆ ಅಜ್ಜಿ ಕೊಟ್ಟ ಅರ್ಜಿ. ಅರ್ಜಿಯ ಕೆಳಗೆ ಅವಳ ಹೆಬ್ಬೆಟ್ಟಿನ ಗುರುತು. ಶಾಯಿ ಹೆಚ್ಚಾಗಿ ಒಂದು ಬದಿ ಕಲಸಿಹೋಗಿದೆ. ಇನ್ನೊಂದು ಬದಿಯ ಗೆರೆಗಳು ಹಸೆ ಚಿತ್ತಾರದ ಎಳೆಗಳ ಹಾಗೆ ಒತ್ತೊತ್ತಾಗಿ ಬಾಗಿವೆ. ಪುಂಡಿನಾರಿನ ಕುಂಚ ಹಿಡಿದು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುತ್ತಿದ್ದವಳು ಸರ್ಕಾರದ ಲೆಕ್ಕದಲ್ಲಿ ಹೆಬ್ಬೆಟ್ಟು. ಮದುವೆಗೆ ಬರೆದ ಹಸೆಗೋಡೆಗಳೋ, ಮುಂದಿನ ಸಾರಣೆಗೆ ಅಳಿಸಿಹೋದವು.

ಆ ಹೆಬ್ಬೆಟ್ಟನ್ನು ಹಾಳೆಯಗಲ ಹಿಗ್ಗಿಸಿ, ಕಲಸಿಹೋದ ಕಡೆಯೆಲ್ಲ ನಾನೇ ಎಳೆ ತುಂಬಿಸುತ್ತಾ ಹೋದೆ. ತುಂಬಿಸುತ್ತಾ ಒಂದು ಮೂಲೆಯಲ್ಲಿ ನೇಗಿಲ ಹಿಂದೆ ನಡೆಯುವ ಹೆಂಗಸನ್ನು ಬರೆದೆ. ಕೈಗೊಂದು ಬಾವುಟವನ್ನೂ ಕೊಟ್ಟೆ. ನೋಡಿದವರು ಭೇಷ್ ಅಂದರು.

ಆ ಹೆಂಗಸು ಯಾರು? ನನ್ನ ರಾಜಕೀಯ ಅವಳ ಬಾಯಲ್ಲಿದೆ, ನನಗಿಲ್ಲದ ಧೈರ್ಯ ಅವಳ ಎದೆಯಲ್ಲಿ. ಅಜ್ಜಿ ಹೆದರಿದ್ದರೆ? "ಒಡೇರ ಸಂಗಡ ನಮಗ್ಯಾಕೆ ಉಸಾಬರಿ" ಎಂದು ಅಜ್ಜನ ಹತ್ತಿರ ಜಗಳಕ್ಕೆ ನಿಂತಿದ್ದರೆ? ಗದ್ದೆ ಕೈತಪ್ಪಿದರೆ ಮಳೆಗಾಲ ದಾಟುವುದು ಹೇಗೆಂಬ ಲೆಕ್ಕ ಅವಳ ತಲೆಯಲ್ಲೇ ಇದ್ದಿರಬೇಕಲ್ಲ. ಅಂಥ ಅಜ್ಜಿಗಾಗಿ ನಾನು ಕುಂಚ ಹಿಡಿಯುತ್ತಿದ್ದೆನೇ? ಇಲ್ಲವೆಂದೇ ತೋರುತ್ತದೆ. ನನಗೆ ಬೇಕಾಗಿದ್ದದ್ದು ಅವಳಲ್ಲ, ಪರಿಚಯ ಹೇಳಿಕೊಳ್ಳುವಾಗ ಸೇರಿಸಲು ಒಂದು ಸಾಲು.

ಮೂಲೆಯ ಹೆಂಗಸನ್ನು ಅಳಿಸಿಲ್ಲ. ಇನ್ನೊಂದು ಹಾಳೆ ಶುರುಮಾಡಿದ್ದೇನೆ; ಅದರಲ್ಲಿ ಅಜ್ಜಿ ಹೊಸಿಲಿಗೆ ಅಡ್ಡನಿಂತು ಅಜ್ಜನನ್ನು ತಡೆದಿದ್ದಾಳೆ. ಎರಡನ್ನೂ ಜೊತೆಗೇ ತೂಗುಹಾಕಿ, ಹೆಬ್ಬೆಟ್ಟು ಮಾತ್ರ ಅವಳದು, ಉಳಿದದ್ದು ನನ್ನದು ಎಂದು ಕೆಳಗೆ ಬರೆಯುವ ಯೋಚನೆ.

1951ರಲ್ಲಿ ಇನ್ನೂ ಹುಟ್ಟದೇ ಇದ್ದ ಚಿಕ್ಕಮ್ಮನಿಗೆ ಎರಡನೆಯದೂ ಒಪ್ಪಿಗೆಯಾಗಲಿಲ್ಲ. "ಅವ್ವ ಯಾರನ್ನೂ ತಡೆಯೋಳಲ್ಲ ಮಾರಾಯ್ತಿ. ಹೋಗಿ ಬಂದ ಮೇಲೆ ಬೈಯೋಳು."