ಅವ್ವನ ಬೆರಳು

ಸಿಂಧನೂರಿನ ಚಳಿ ಅಂಥಾದ್ದೇನಲ್ಲ. ಆದರೂ ಡಿಸೆಂಬರಿನ ಬೆಳಗ್ಗೆ ತಣ್ಣೀರು ಮುಟ್ಟಿದರೆ ಅವ್ವನ ಬೆರಳು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಕೊನೆಗೆ ಕೆಂಪಾಗುತ್ತಿದ್ದವು. ರಕ್ತ ಕಡಿಮೆ ಅಂದುಕೊಂಡೆವು. ಎರಡು ವರ್ಷದಲ್ಲಿ ಚರ್ಮ ಬಿಗಿದು ರೊಟ್ಟಿ ಬಡಿಯಲಾಗದಂತಾಯಿತು. ಲಿಂಗಸುಗೂರಿನ ಮದುವೆಯೊಂದರಲ್ಲಿ ಪಕ್ಕದವರು ಅವಳ ಕೈ ನೋಡಿ ಪಂಕ್ತಿಯಿಂದ ಎದ್ದು ಬೇರೆ ಕಡೆ ಕೂತರು. ಕುಷ್ಠವೆಂದು ತಿಳಿದಿದ್ದರು.

ಅದು ಸ್ಕ್ಲೆರೋಡರ್ಮಾ. ಗ್ರೀಕ್ ಮೂಲದಲ್ಲಿ ಗಟ್ಟಿ ಚರ್ಮ ಎಂದರ್ಥ. ಅಂಟುವ ರೋಗವಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಗಾಯ ಮಾಯಿಸುವ ಕೊಲಾಜನ್ ಅತಿಯಾಗಿ ಸೇರಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಹೆಸರು ಚರ್ಮದ್ದು, ಆದರೆ ಅನ್ನನಾಳ, ಶ್ವಾಸಕೋಶ, ಮೂತ್ರಪಿಂಡಕ್ಕೂ ಇಳಿಯಬಹುದು. ಅವ್ವನಿಗೆ ತುತ್ತು ಎದೆಯಲ್ಲಿ ನಿಲ್ಲುತ್ತಿದ್ದುದಕ್ಕೆ ಒಂದು ಮಾತ್ರೆ, ಮೆಟ್ಟಿಲೇರಿದರೆ ಬರುವ ಏದುಸಿರಿಗೆ ಇನ್ನೊಂದು ಮಾತ್ರೆ ತಂದುಕೊಟ್ಟವನು ನಾನೇ.

ಆಗ ನಾನು ಮಸ್ಕಿಯಲ್ಲಿರುತ್ತಿದ್ದೆ. ನನ್ನ ಪಿಎಚ್.ಡಿ. ಅಲ್ಲಿನ ಅಶೋಕನ ಶಾಸನದ ಮೇಲೆ. 1915ರಲ್ಲಿ ಬೆಳಕಿಗೆ ಬಂದ ಆ ಬಂಡೆಯ ಸವೆದ ಅಕ್ಷರಗಳ ಮುಂದೆ ದಿನಗಟ್ಟಲೆ ಕೂತಿದ್ದೇನೆ. ಅವ್ವನ ಕೈ ಹಿಡಿದು ಒಂದು ಮಧ್ಯಾಹ್ನವೂ ನೋಡಿರಲಿಲ್ಲ.

ಪೂರ್ತಿ ವಾಸಿಮಾಡುವ ಮದ್ದಿಲ್ಲ. ಬೇಗ ಗೊತ್ತಾದರೆ ಶ್ವಾಸಕೋಶದ ಹಾನಿ ನಿಧಾನಿಸಬಹುದು. ನಾವು ತಡಮಾಡಿದ್ದೆವು. ಈಗ ರೊಟ್ಟಿ ನಾನೇ ಬಡಿಯುತ್ತೇನೆ, ಅಂಚು ಸೀಳುತ್ತದೆ. ಅವ್ವ ಹಾಲಲ್ಲಿ ನೆನೆಸಿ ತಿನ್ನುತ್ತಾಳೆ, ಬೈಯುತ್ತಾಳೆ.