ಗೋಡೆಗೆ ಕಿವಿಗೊಟ್ಟು

ಬಚ್ಚಲಲ್ಲಿ ‘ಧಡಾರ್’ ಎಂದಾಗ ಬೆಳಗಿನ ಜಾವ ನಾಲ್ಕು ಗಂಟೆ. ಬೆಕ್ಕು ಬಕೆಟ್ ಉರುಳಿಸಿತೆಂದುಕೊಂಡು ಮಗ್ಗುಲಾದೆ. ಆರಕ್ಕೆ ಎದ್ದ ನನ್ನವಳು “ರೀ, ಇಲ್ಲಿ ಸ್ವಲ್ಪ ಬನ್ನಿ” ಎಂದಳು. ಬೆಕ್ಕು ನಿರಪರಾಧಿ ಎಂಬುದು ಆ ದನಿಯಲ್ಲೇ ತಿಳಿಯಿತು.

ಶವರ್ ಗೋಡೆಯ ಒಂದು ಟೈಲ್ಸ್, ಎರಡಡಿ ಅಗಲ ನಾಲ್ಕಡಿ ಉದ್ದದ್ದು, ಮೂರು ತುಂಡಾಗಿ ನೆಲದ ಮೇಲಿತ್ತು. ಗೋಡೆಯಲ್ಲಿ ಅದಿದ್ದ ಜಾಗದಲ್ಲಿ ಐದು ಸಿಮೆಂಟ್ ಮುದ್ದೆ: ಮೂಲೆಗೊಂದು, ನಡುವಿಗೊಂದು. ತಟ್ಟೆಯಲ್ಲಿ ರವೆ ಉಂಡೆ ಜೋಡಿಸಿಟ್ಟ ಹಾಗೆ. ಬಿದ್ದ ಟೈಲ್ಸಿನ ಬೆನ್ನು ಮಾತ್ರ ಅಂಗಡಿಯಿಂದ ಬಂದ ದಿನದಷ್ಟೇ ಶುಭ್ರ. ಎರಡು ಗಂಟೆ ತಡೆದು ಬಿದ್ದಿದ್ದರೆ ಅದರ ಕೆಳಗೆ ನಾನಿರುತ್ತಿದ್ದೆ, ಮೈತುಂಬ ಸೋಪು ಹಚ್ಚಿಕೊಂಡು.

ದೊಡ್ಡ ಟೈಲ್ಸೇ ಬೇಕೆಂದವಳು ಅವಳು. ಅದಕ್ಕೆ ಕಾರಣವಿತ್ತು. ಅಪ್ಪ ಕಟ್ಟಿಸಿದ ಮನೆಯ ಬಚ್ಚಲಿಗೆ ಆರಿಂಚಿನ ಬಿಳಿ ಟೈಲ್ಸ್. ಸಂದು ಸಂದಿನಲ್ಲೂ ಕಪ್ಪು ಪಾಚಿ, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಶನಿವಾರಕ್ಕೊಮ್ಮೆ ಅದನ್ನು ಉಜ್ಜುವ ಸೊಸೆ. ನಾಲ್ಕಡಿ ಅಗಲ, ಎಂಟಡಿ ಎತ್ತರದ ಗೋಡೆಗೆ ಆರಿಂಚಿನದು 128 ಬೇಕು; ಹೊಸದಾದರೆ ಬರೀ 4. ಈ ಲೆಕ್ಕವನ್ನು ಅವಳು ಅಂಗಡಿಯಲ್ಲೇ ಬಾಯಲ್ಲಿ ಮಾಡಿ ಮುಗಿಸಿದ್ದಳು. ಒಂದೊಂದೂ ಸುಮಾರು 15 ಕಿಲೋ ತೂಗುತ್ತದೆಂಬ ಲೆಕ್ಕವನ್ನು ನಾವಿಬ್ಬರೂ ಮಾಡಲಿಲ್ಲ.

ಅಜ್ಜಿಯ ಬಚ್ಚಲಿಗೆ ಈ ತಾಪತ್ರಯವೇ ಇರಲಿಲ್ಲ. ತಾಮ್ರದ ಹಂಡೆ, ಕೆಳಗೆ ಅಡಕೆ ಹಾಳೆ, ತೆಂಗಿನ ಮಟ್ಟೆ ಉರಿಯುವ ಒಲೆ. ದೀಪಾವಳಿಗೆ ನೀರು ತುಂಬುವ ಮುನ್ನ ಗೋಡೆಗೊಮ್ಮೆ ಸುಣ್ಣ, ಉಳಿದ ವರ್ಷವೆಲ್ಲ ಮಸಿ. ಅವಳಿಗೆ ಗೊತ್ತಿದ್ದದ್ದು ಮಾಡಿನ ಮಂಗಳೂರು ಹೆಂಚು ಒಂದೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ಹೂಡಿ ಹೊರತಂದ ಈ ಹೆಂಚಿಗೆ ಅಂಟೇ ಬೇಡ. ರೀಪಿಗೆ ಸಿಕ್ಕಿಸಿದರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಗೋಡೆಯ ಮೇಲಾದರೆ ಅದೇ ಭಾರ ದಿನಕ್ಕೆ ಇಪ್ಪತ್ನಾಲ್ಕು ಗಂಟೆಯೂ ಕೆಳಕ್ಕೆ ಜಗ್ಗುತ್ತಿರುತ್ತದೆ.

ಇದನ್ನು ಈಜಿಪ್ಟಿನವರು ಬಹಳ ಹಿಂದೆಯೇ ಅರಿತಿದ್ದರು. ಸಕ್ಕಾರಾದಲ್ಲಿ ದೊರೆ ಜೋಸರನ ಮೆಟ್ಟಿಲು ಪಿರಮಿಡ್ಡಿನ ಅಡಿಯ ಕೋಣೆಗಳಿಗೆ ಸುಮಾರು 4,600 ವರ್ಷಗಳ ಹಿಂದೆ ನೀಲಿ ಬಿಲ್ಲೆ ಹೊದಿಸಿದರು. ಬಿಲ್ಲೆಯೋ ಬೆಂಕಿಪೊಟ್ಟಣದ ಗಾತ್ರದ್ದು. ಅಷ್ಟಕ್ಕೂ ಬರೀ ಗಾರೆಯನ್ನು ನಂಬದೆ, ಬೆನ್ನಲ್ಲೊಂದು ಉಬ್ಬು ಬಿಟ್ಟು, ಅದಕ್ಕೆ ತೂತು ಕೊರೆದು, ದಾರ ಪೋಣಿಸಿ ಬಿಗಿದರು. ನಮ್ಮ ಮೊದಲ ಮೇಸ್ತ್ರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅವನದೂ ಪೂರಾ ತಪ್ಪಲ್ಲ ಅನ್ನಿ. ನಮ್ಮ ಗೋಡೆ ಮೇಲಿಂದ ಕೆಳಕ್ಕೆ ಒಂದಿಂಚು ಸೊಟ್ಟ. ಅದನ್ನು ಸಾರಣೆ ಮಾಡಿ ಸರಿಪಡಿಸಲು ಎರಡು ದಿನ ಬೇಕು. ಮುದ್ದೆಯಾದರೆ ಒತ್ತಿದಷ್ಟು ಒಳಗೆ, ಬಿಟ್ಟಷ್ಟು ಹೊರಗೆ. ಸಂಜೆಯೊಳಗೆ ಗೋಡೆ ನೆಟ್ಟಗೆ ನಿಂತ ಹಾಗೆ ಕಾಣುತ್ತದೆ.

ಅದೇ ತಿಂಗಳು ಮದುವೆಯೊಂದಕ್ಕೆ ಬೀದರಿಗೆ ಹೋದವನು ಮಹಮೂದ್ ಗವಾನನ ಮದರಸಾದ ಮುಂದೆ ನಿಂತೆ. 1472ರ ಕಟ್ಟಡ. ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಬಹುಪಾಲು ಹಾರಿಹೋಯಿತು. ಉಳಿದೊಂದು ಮಿನಾರಿನ ಮೇಲೆ ಪರ್ಷಿಯನ್ ಶೈಲಿಯ ಬಣ್ಣದ ಬಿಲ್ಲೆಗಳು ಅಲ್ಲಲ್ಲಿ ಇನ್ನೂ ಗೋಡೆಯನ್ನು ಕಚ್ಚಿಕೊಂಡಿವೆ. ಐನೂರು ವರ್ಷದ ಮಳೆ, ಬಿಸಿಲು, ಒಂದು ಸ್ಫೋಟ. ನನ್ನದು ಹದಿನಾಲ್ಕು ತಿಂಗಳಿಗೇ ಕೈಬಿಟ್ಟಿತ್ತು.

ಎರಡನೇ ಮೇಸ್ತ್ರಿ ಕಲಬುರಗಿ ಕಡೆಯವರು. ಬಿದ್ದ ತುಂಡಿನ ಬೆನ್ನಿಗೆ ಎರಡು ಹನಿ ನೀರು ಬಿಟ್ಟರು. ಹನಿ ಹಾಗೇ ನಿಂತಿತು.

“ನೋಡ್ರಿ ಸರ, ಇದು ನೀರ ಕುಡಿಯಂಗಿಲ್ಲ. ಹಳೇ ಟೈಲ್ಸ್ ನೀರಾಗ ನೆನೆಸಿಟ್ರ ಗುಳುಗುಳು ಅಂತ ಕುಡೀತಿತ್ತು, ಸಿಮೆಂಟಿನ ಹಾಲೂ ಎಳ್ಕೋತಿತ್ತು. ಇದು ಏನೂ ಎಳ್ಕೊಳ್ಳಂಗಿಲ್ಲ, ಬರೇ ಸಿಮೆಂಟ್ ಇದಕ್ಕ ಹೆಂಗ ಹಿಡೀಬೇಕು?”

ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅದರ ತೂಕದ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಅದಕ್ಕೇ ಪಾಲಿಮರ್ ಬೆರೆತ ಅಂಟಿನ ಪುಡಿ ಬೇಕು. ಉಳಿದ ಮೂರನ್ನೂ ಕೀಳಿಸಿದರು, ಗೋಡೆಯನ್ನು ತೂಕದ ಗುಂಡಿಗೆ ಸರಿಯಾಗಿ ಸಾರಣೆ ಮಾಡಿದರು, ನೀರು ತಡೆಯುವ ಲೇಪ ಬಳಿದು ಒಣಗಲು ಬಿಟ್ಟರು. ಆಮೇಲೆ ಶುರುವಾದದ್ದನ್ನು ನಾನು ಕುರ್ಚಿ ಹಾಕಿಕೊಂಡು ನೋಡಿದೆ. ಹಲ್ಲಿರುವ ಕರಣೆಯಿಂದ ಅಂಟನ್ನು ಗೋಡೆಗೆ ಎಳೆದರೆ ಬಾಚಣಿಗೆಯಲ್ಲಿ ಬಾಚಿದ ತಲೆಯಂತೆ ಗೆರೆ ಗೆರೆ, ಎಲ್ಲವೂ ಒಂದೇ ದಿಕ್ಕಿಗೆ. “ಗಾಳಿ ಹೊರಗ ಹೋಗಾಕ ದಾರಿ ಬೇಕಲ್ರಿ.” ಟೈಲ್ಸಿನ ಬೆನ್ನಿಗೂ ತೆಳುವಾಗಿ ಒಂದು ಪದರ. ಗಾಜೆತ್ತುವ ರಬ್ಬರ್ ಬಟ್ಟಲಿನ ಹಿಡಿ ಕಚ್ಚಿಸಿ ಇಬ್ಬರು ಎತ್ತಿದರು, ಒತ್ತಿದರು, ಗೆರೆಗೆ ಅಡ್ಡಲಾಗಿ ಕೊಂಚ ಸರಿಸಿದರು. ಅಷ್ಟಾದ ಮೇಲೆ, ನನ್ನ ಜೀವ ಬಾಯಿಗೆ ಬರುವಂತೆ, ಅದನ್ನೇ ಮತ್ತೆ ಕಿತ್ತರು! ಬೆನ್ನು ತೋರಿಸಿದರು: ಎಲ್ಲೂ ಬರಿ ಜಾಗವಿಲ್ಲ. ತೃಪ್ತರಾಗಿ ಹೊಸ ಅಂಟು ಎಳೆದು ಮತ್ತೆ ಕೂರಿಸಿದರು.

ಮೂರನೇ ದಿನ ಬಂದು ಗೋಡೆಗೆ ಕಿವಿಯಿಟ್ಟು, ಒಂದು ರೂಪಾಯಿ ನಾಣ್ಯದಿಂದ ಮೂಲೆ ಮೂಲೆ ತಟ್ಟಿದರು. ಗಟ್ಟಿ ಇದ್ದರೆ ‘ಟಕ್’, ಟೊಳ್ಳಿದ್ದರೆ ‘ಡಬ್’. ನಮ್ಮ ಗೋಡೆ ಪೂರಾ ‘ಟಕ್’ ಅಂದಿತು. ನಾನು ಅದೇ ನಾಣ್ಯ ಇಸಿದುಕೊಂಡು ಮೊದಲ ಮೇಸ್ತ್ರಿ ಮಾಡಿದ ಅಡುಗೆಮನೆ ಗೋಡೆಗೆ ಹೋದೆ. ಅಲ್ಲಿನ ಸದ್ದನ್ನು ಇಲ್ಲಿ ಬರೆಯುವುದಿಲ್ಲ.

ನಿಮ್ಮಲ್ಲೂ ಟೈಲ್ಸ್ ಕೆಲಸ ನಡೆದಿದ್ದರೆ, ಲೆಕ್ಕ ಚುಕ್ತಾ ಮಾಡುವ ಮೊದಲು ಜೇಬಿನಿಂದ ಒಂದು ರೂಪಾಯಿ ತೆಗೆದು ತಟ್ಟಿ ನೋಡಿ.